ಇಬ್ಬರ ಪ್ರವಾಸದಲ್ಲಿ ಮೂರನೆಯವರು ಎಲ್ಲಿ?

ಕನ್ನಡದಲ್ಲಿ ಯುರೋಪ್ ಪ್ರವಾಸದ ಬರಹಗಳಿಗೆ ಬರವಿಲ್ಲ. ಅದರಲ್ಲೂ ಗಂಡ-ಹೆಂಡತಿ ಜೋಡಿಯಾಗಿ ಹೋಗಿ ಬಂದು, ಆಮೇಲೆ ಗಂಡ ಒಬ್ಬನೇ ಕೂತು ಬರೆದ ದಕ್ಷಿಣ ಯುರೋಪಿನ ಕಥನಗಳು ತಮ್ಮದೇ ಒಂದು ಅಚ್ಚು ಮಾಡಿಕೊಂಡಿವೆ. ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್. ರಜೆ ಮತ್ತು ರೊಕ್ಕ ಉಳಿದಿದ್ದರೆ ಬಾರ್ಸಿಲೋನಾ, ಇಲ್ಲವೇ ಅಥೆನ್ಸ್. ಪ್ರವಾಸ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವುದರಿಂದ ಇಂಥವನ್ನು ಬೇಕಾಗಿಯೂ ಬೇಡವಾಗಿಯೂ ಓದುತ್ತ ಬಂದಿದ್ದೇನೆ. ನನ್ನ ತಕರಾರನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥನಗಳಲ್ಲಿ ಆ ಇಬ್ಬರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಸರಿಯಾಗಿ ನೋಡಿದರೆ ಇಬ್ಬರೂ ಇಲ್ಲ, ಒಬ್ಬನೇ ಇದ್ದಾನೆ. ಲಕ್ಷಾಂತರ ಜನ ಬದುಕುವ ಊರುಗಳಿಗೆ ಹೋಗಿ, ಯಾರೋ ಬೇಯಿಸಿ ಬಡಿಸಿದ್ದನ್ನು ಉಂಡು ಬಂದು, ಒಬ್ಬೇ ಒಬ್ಬ ಮೂರನೆಯವರನ್ನೂ ಪುಟದ ಮೇಲೆ ತರಲಾಗದ ಬರಹವನ್ನು ಪ್ರವಾಸ ಸಾಹಿತ್ಯ ಎಂದು ಕರೆಯುವುದನ್ನು ನಾವು ನಿಲ್ಲಿಸಬೇಕು.

ಆ ಅಚ್ಚನ್ನು ನೀವೂ ಬಲ್ಲಿರಿ. ಮೊದಲ ಅಧ್ಯಾಯ ವೀಸಾ ಕಚೇರಿಯ ಸಾಲು. ಎರಡನೆಯದು ಸೂಟ್‌ಕೇಸಿನ ತೂಕ: ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಸಾಕು ಎನ್ನುವ ಉಪ್ಪಿಟ್ಟಿನ ಪೊಟ್ಟಣ. ಮೂರನೆಯದರಲ್ಲಿ ಕೊಲೋಸಿಯಂ, ಅದರ ಎತ್ತರ, ಅಗಲ, ಕಟ್ಟಿಸಿದ ಚಕ್ರವರ್ತಿಯ ಹೆಸರು. ಆಮೇಲೆ ಟ್ರೇವಿ ಕಾರಂಜಿಗೆ ಬೆನ್ನು ಮಾಡಿ ನಾಣ್ಯ ಎಸೆದದ್ದು, ಪೀಸಾದ ವಾಲುಗೋಪುರಕ್ಕೆ ಕೈ ಆನಿಸಿದಂತೆ ನಿಂತು ಫೋಟೊ ತೆಗೆಸಿಕೊಂಡದ್ದು, ವೆನಿಸ್ಸಿನಲ್ಲಿ ಗೊಂಡೋಲದ ಬಾಡಿಗೆ ಕೇಳಿ ಹೌಹಾರಿದ್ದು, ನಂತರ ‘ನನ್ನವಳ’ ಮುಖ ನೋಡಿ ಹತ್ತಿದ್ದು. ನಡುವೆ ಜೇಬುಗಳ್ಳರ ಬಗ್ಗೆ ಒಂದು ಎಚ್ಚರಿಕೆ, ರಸ್ತೆಗಳ ಸ್ವಚ್ಛತೆಯ ಬಗ್ಗೆ ಒಂದು ನಿಟ್ಟುಸಿರು. ಕೊನೆಗೆ ವಿಮಾನ ಬೆಂಗಳೂರಿನಲ್ಲಿ ಇಳಿದಾಗ ‘ಏನೇ ಆದರೂ ನಮ್ಮೂರೇ ನಮಗೆ ಮೇಲು’. ಬರೆದವರ ಹೆಸರು ಅಳಿಸಿ ಒಂದರ ಪುಟವನ್ನು ಇನ್ನೊಂದಕ್ಕೆ ಸೇರಿಸಿದರೆ ಓದುಗರಿಗೆ ಗೊತ್ತೇ ಆಗುವುದಿಲ್ಲ.

ಟ್ರೇವಿಯ ನಾಣ್ಯವನ್ನೇ ನೋಡಿ. ಆ ಕಾರಂಜಿಯಲ್ಲಿ ಬೀಳುವ ದುಡ್ಡು ವರ್ಷಕ್ಕೆ ಹತ್ತು ಲಕ್ಷ ಯೂರೋ ದಾಟುತ್ತದೆ. ಅದನ್ನು ಆಗಾಗ ಬಾಚಿ ತೆಗೆದು ಕಾರಿತಾಸ್ ಎಂಬ ಕ್ಯಾಥೊಲಿಕ್ ಸೇವಾಸಂಸ್ಥೆಗೆ ಕೊಡುತ್ತಾರೆ. ರೋಮಿನ ಬಡವರ ಊಟಕ್ಕೆ, ವಸತಿಗೆ ಅದು ಹೋಗುತ್ತದೆ. ನಮ್ಮ ಕಥನಕಾರರು ನಾಣ್ಯ ಎಸೆಯುವಾಗ ಏನು ಬೇಡಿಕೊಂಡೆವು ಎಂದು ಅರ್ಧ ಪುಟ ಬರೆಯುತ್ತಾರೆ. ನಾಣ್ಯ ಎಲ್ಲಿಗೆ ಹೋಯಿತು ಎಂದು ಒಂದು ಸಾಲೂ ಇರುವುದಿಲ್ಲ. ತನ್ನ ಕೈಯಿಂದ ನಾಣ್ಯ ಬಿಟ್ಟ ಕೂಡಲೇ ಅವರ ಕಥೆ ಮುಗಿಯುತ್ತದೆ. ಅದು ನೀರಿಗೆ ಬಿದ್ದ ಮೇಲೆ ಶುರುವಾಗುವ ಕಥೆ ಅವರಿಗೆ ಬೇಡ.

ಇದು ನನಗೆ ಯಾಕೆ ಚುಚ್ಚುತ್ತದೆ ಎನ್ನುವುದಕ್ಕೆ ಕಾರಣವಿದೆ. ನಾನು ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಬಂಕಾಪುರದವಳು. ನಮ್ಮದು ನೋಡಿಸಿಕೊಳ್ಳುವ ಊರು. ಕೋಟೆಯಿದೆ, ಕೋಟೆಯೊಳಗೆ ಅರವತ್ತು ಕಂಬದ ಗುಡಿ ಎಂದು ಕರೆಯುವ ನಗರೇಶ್ವರ ದೇವಸ್ಥಾನವಿದೆ, ಕಿಲಾರಿ ದನಗಳ ತಳಿ ಕೇಂದ್ರವಿದೆ, ನವಿಲುಧಾಮವಿದೆ. ಹತ್ತಿರದಲ್ಲೇ ಕನಕದಾಸರ ಬಾಡ. ಹೆದ್ದಾರಿ ಬಿಟ್ಟು ಒಳಗೆ ಬರುವ ಕಾರುಗಳು ನಿಲ್ಲಿಸಿ ಕೇಳುವ ಪ್ರಶ್ನೆಗಳು ಎರಡೇ: ಗುಡಿ ಯಾವ ಕಡೆ, ನವಿಲು ಎಷ್ಟೊತ್ತಿಗೆ ಬರುತ್ತವೆ. ಕಂಬ ಎಣಿಸುತ್ತಾರೆ, ಫೋಟೊ ಹೊಡೆಯುತ್ತಾರೆ, ಊಟಕ್ಕೆ ಹುಬ್ಬಳ್ಳಿಗೆ ಹೋಗುತ್ತಾರೆ. ಅವರು ಬರೆದುಕೊಳ್ಳುವುದರಲ್ಲಿ ಕಂಬಗಳಿರುತ್ತವೆ, ನವಿಲುಗಳಿರುತ್ತವೆ. ದಾರಿ ತೋರಿಸಿದ ಹುಡುಗ ಇರುವುದಿಲ್ಲ. ಇಂಥ ಊರಲ್ಲಿ ಬೆಳೆದವರಿಗೆ ರೋಮಿನ ಕಥನ ಓದುವಾಗ ಬೇರೆಯದೇ ಒಂದು ಕುತೂಹಲ ಇರುತ್ತದೆ. ಬರೆದವನು ಕೊಲೋಸಿಯಂ ನೋಡಿದ, ಸರಿ. ಅದರ ಪಕ್ಕದ ಓಣಿಯಲ್ಲಿ ಇರುವವರು ಇವನನ್ನು ಹೇಗೆ ನೋಡಿದರು?

ನಾನು ‘ರೋಮಿಗೆ ಯಾಕೆ ಹೋಗುತ್ತೀರಿ, ಬಂಕಾಪುರಕ್ಕೆ ಬನ್ನಿ’ ಎನ್ನುತ್ತಿಲ್ಲ. ಆ ಅಭಿಮಾನದ ಮಾತು ಈ ಕಥನಗಳಷ್ಟೇ ಸವಕಲು. ಬಂದವರೂ ಕಂಬ ಎಣಿಸಿಯೇ ಹೋಗುವುದಾದರೆ ಎಲ್ಲಿಗೆ ಬಂದರೇನು?

ನಮ್ಮ ಭಾಗವನ್ನು ನೋಡಲು ದಕ್ಷಿಣ ಯುರೋಪಿನವರು 500 ವರ್ಷಗಳ ಹಿಂದೆಯೇ ಬಂದಿದ್ದರು. ಗೋವೆಯನ್ನು ಪೋರ್ಚುಗೀಸರು ಹಿಡಿದದ್ದು 1510ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಬಂಕಾಪುರದ ನಾಯಕ ಅವರ ಬಳಿಗೆ ರಾಯಭಾರಿಗಳನ್ನು ಕಳಿಸಿ, ವರ್ಷಕ್ಕೆ 300 ಕುದುರೆ ತರಿಸಿಕೊಳ್ಳಲು ಅನುಮತಿ ಕೇಳಿದ. ಪೋರ್ಚುಗೀಸರು ಒಪ್ಪಿದರು. 1900ರಲ್ಲಿ ಪ್ರಕಟವಾದ ತನ್ನ ವಿಜಯನಗರದ ಚರಿತ್ರೆಯಲ್ಲಿ ರಾಬರ್ಟ್ ಸಿವೆಲ್ ಇದಕ್ಕೆ ಕೊಡುವ ಕಾರಣಗಳು ಎರಡು. ವಿಜಯನಗರಕ್ಕೆ ಹೋಗುವ ದಾರಿ ಬಂಕಾಪುರದ ಮೇಲೆ ಹಾಯುತ್ತಿತ್ತು ಎನ್ನುವುದು ಒಂದು. ಬಂಕಾಪುರದಲ್ಲಿ ಕುದುರೆಯ ಜೀನು ಮಾಡುವ ಒಳ್ಳೆಯ ಕೆಲಸಗಾರರು ಇದ್ದರು ಎನ್ನುವುದು ಇನ್ನೊಂದು. ನಮ್ಮ ಊರಿನಲ್ಲಿ ಜೀನು ಹೊಲಿಯುವವರಿದ್ದರು ಎಂದು ನನಗೆ ಗೊತ್ತಾಗಿದ್ದು ಹೀಗೆ, ಲಿಸ್ಬನ್ನಿನ ಕಾಗದಗಳ ದಾರಿಯಿಂದ.

ಈ ಪರದೇಶಿಗಳನ್ನು ನಾನು ಮಾದರಿ ಮಾಡುತ್ತಿಲ್ಲ. ಅವರು ಬಂದದ್ದು ವ್ಯಾಪಾರಕ್ಕೆ, ಆಮೇಲೆ ಆಳುವುದಕ್ಕೆ. ಆದರೆ ಬೇರೆಯವರ ಕೈಕೆಲಸದಲ್ಲಿ ತಮಗೇನು ಲಾಭ ಎಂದು ಲೆಕ್ಕ ಹಾಕುವುದಕ್ಕಾದರೂ ಅವರು ಆ ಕೈಗಳನ್ನು ನೋಡಬೇಕಾಯಿತು. ಕೃಷ್ಣದೇವರಾಯನ ಕಾಲದ ಹಂಪಿಗೆ ಬಂದ ಡೊಮಿಂಗೊ ಪಾಯೆಸ್ ಪೇಟೆಯಲ್ಲಿ ಯಾವ ಹಕ್ಕಿ, ಯಾವ ಹಣ್ಣು ಎಷ್ಟಕ್ಕೆ ಸಿಗುತ್ತದೆ ಎಂದು ಬರೆದ. ನಂತರ ಬಂದ ನೂನಿಜ್, ಅರಮನೆಯ ಒಳಗಿನ ಖರ್ಚುವೆಚ್ಚದ ಲೆಕ್ಕವನ್ನು ಹೆಂಗಸರೇ ಬರೆಯುತ್ತಿದ್ದರೆಂದು ದಾಖಲಿಸಿದ. 1623ರಲ್ಲಿ ಇಕ್ಕೇರಿಗೆ ಬಂದ ರೋಮಿನ ಪಿಯೆತ್ರೊ ದೆಲ್ಲಾ ವಾಲೆ, ದಾರಿಯಲ್ಲಿ ಒಂದು ಗುಡಿಯ ಪಡಸಾಲೆಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರವಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ಅವರನ್ನೇ ಮಾತಾಡಿಸಿದ: ಮರೆತರೆ ಏನು ಮಾಡುತ್ತೀರಿ, ಯಾರು ಹೇಳಿಕೊಡುತ್ತಾರೆ ಎಂದು. ಅದೇ ಪ್ರವಾಸದಲ್ಲಿ ಅವನು ಉಳ್ಳಾಲದ ರಾಣಿಯನ್ನು ಕಂಡದ್ದು ಸಿಂಹಾಸನದ ಮೇಲಲ್ಲ. ಬರಿಗಾಲಲ್ಲಿ ನಡೆದು ಕಾಲುವೆ ತೋಡುವ ಕೆಲಸ ನೋಡಿಕೊಳ್ಳಲು ಹೊರಟಿದ್ದಾಗ.

ಆ ಮರಳಿನ ಹುಡುಗರು ಮೂರನೆಯವರು. ನಮ್ಮ ಇಂದಿನ ಜೋಡಿಗಳು ವಾರಗಟ್ಟಲೆ ಇಟಲಿಯಲ್ಲಿ ತಿರುಗಿ ಒಬ್ಬ ಹುಡುಗನನ್ನಾದರೂ ಹೀಗೆ ಒಂದು ಪ್ರಶ್ನೆ ಕೇಳಿದ್ದಿದೆಯೇ? ಭಾಷೆ ಬರುವುದಿಲ್ಲ ಎನ್ನುತ್ತೀರಿ. ದೆಲ್ಲಾ ವಾಲೆಗೂ ಕನ್ನಡ ಬರುತ್ತಿರಲಿಲ್ಲ. ಅವನ ಕಿಸೆಯಲ್ಲಿ ಅನುವಾದ ಮಾಡುವ ಮೊಬೈಲೂ ಇರಲಿಲ್ಲ.

ಇನ್ನು ಎರಡನೆಯವರ ಮಾತು. ಜೋಡಿ ಪ್ರವಾಸ ಎಂದ ಮೇಲೆ ಹೆಂಡತಿ ಎಲ್ಲಿ? ಈ ವಿಷಯದಲ್ಲಿ ಹಳಬರೂ ಬಹಳ ಮೇಲೇನಲ್ಲ. 15ನೇ ಶತಮಾನದಲ್ಲಿ ವಿಜಯನಗರ ಕಂಡ ವೆನಿಸ್ ಸೀಮೆಯ ನಿಕೊಲೊ ಕಾಂಟಿ ತಿರುಗಾಟದ ನಡುವೆ ಮದುವೆಯಾಗಿ, ಹೆಂಡತಿ ಮಕ್ಕಳೊಂದಿಗೇ ಸಾಗಿದವನು. ಊರಿಗೆ ಮರಳುವ ದಾರಿಯಲ್ಲಿ, ಈಜಿಪ್ಟಿನಲ್ಲಿ, ಆಕೆ ಮತ್ತು ಇಬ್ಬರು ಮಕ್ಕಳು ಪ್ಲೇಗಿಗೆ ಬಲಿಯಾದರು. ತಿರುಗಾಟದಲ್ಲಿ ಜೀವಭಯದಿಂದ ಧರ್ಮ ಬಿಟ್ಟಿದ್ದಕ್ಕೆ ಕ್ಷಮೆ ಬೇಡಿದ ಕಾಂಟಿಗೆ ಪೋಪ್ ನಾಲ್ಕನೇ ಯುಜೀನ್ ಕೊಟ್ಟ ಪ್ರಾಯಶ್ಚಿತ್ತ ಏನು ಗೊತ್ತೇ? ಕಂಡದ್ದನ್ನೆಲ್ಲ ಸುಳ್ಳಿಲ್ಲದೆ ತನ್ನ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲಿನಿಗೆ ಹೇಳು ಎಂದು. ಪೊಜ್ಜೊ ಅದನ್ನು ಬರೆದಿಟ್ಟ. ಆ ಬರಹದಲ್ಲಿ ವಿಜಯನಗರದ ಸುತ್ತಳತೆ ಇದೆ. ಜೊತೆಗೆ ನಡೆದ ಹೆಂಡತಿಯ ಹೆಸರಿಲ್ಲ. ದೆಲ್ಲಾ ವಾಲೆ ಬಾಗ್ದಾದಿನಲ್ಲಿ ಮದುವೆಯಾದ ಸಿತ್ತಿ ಮಾನಿ 1621ರಲ್ಲಿ ಪರ್ಶಿಯಾದಲ್ಲಿ ತೀರಿಕೊಂಡಳು. ಅವನು ಆಕೆಯ ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತದ ಪ್ರಯಾಣವನ್ನೂ ದಾಟಿಸಿ, ಕೊನೆಗೆ ರೋಮಿನಲ್ಲಿ ಮಣ್ಣು ಮಾಡಿದ. ಅವನ ಪ್ರೀತಿ ದೊಡ್ಡದೇ. ಆದರೂ ನಮಗೆ ಉಳಿದಿರುವುದು ಅವನ ಪತ್ರಗಳು, ಆಕೆಯವಲ್ಲ.

ನಾಲ್ಕು ನೂರು ವರ್ಷಗಳಾದ ಮೇಲೆ ಹೆಂಡತಿ ಜೀವಂತ ಇದ್ದಾಳೆ, ಪಾಸ್‌ಪೋರ್ಟಿನಲ್ಲಿ ಹೆಸರಿದೆ, ಪಕ್ಕದ ಸೀಟಿನಲ್ಲಿ ಕೂತಿದ್ದಾಳೆ. ಕಥನದಲ್ಲಿ ಮಾತ್ರ ಆಕೆ ‘ನನ್ನವಳು’, ‘ಶ್ರೀಮತಿ’, ‘ಮನೆಯವರು’. ಆಕೆಗೆ ಅಲ್ಲಿ ಇರುವ ಕೆಲಸ ಮೂರು: ಬೆಲೆ ಕೇಳಿ ಬೆಚ್ಚುವುದು, ಅಂಗಡಿ ಕಂಡಲ್ಲಿ ನಿಲ್ಲುವುದು, ರಾತ್ರಿ ಹೋಟೆಲ್ ಕೋಣೆಯಲ್ಲಿ ಅವಲಕ್ಕಿ ಕಲಸುವುದು. ಹಾಸ್ಯಕ್ಕೆ ಬೇಕಾದಾಗ ಬರುತ್ತಾಳೆ, ವಿಚಾರಕ್ಕೆ ಬೇಕಾದಾಗ ಇರುವುದಿಲ್ಲ. ಫೋಟೊಗಳಲ್ಲಿ ಆಕೆ, ವಾಕ್ಯಗಳಲ್ಲಿ ಆತ.

ಒಂದು ಮಾತು ಯೋಚಿಸಿ ನೋಡಿ. ಮೂವತ್ತು ವರ್ಷ ದಿನಕ್ಕೆ ಮೂರು ಹೊತ್ತು ಬೇಯಿಸಿದ ಹೆಂಗಸೊಬ್ಬಳು ಮೊದಲ ಸಲ ಹದಿನೈದು ದಿನ ಬೇರೆಯವರು ಬೇಯಿಸಿದ್ದನ್ನು ಕುಳಿತು ಉಣ್ಣುತ್ತಾಳೆ. ತಟ್ಟೆ ಎತ್ತಬೇಕಿಲ್ಲ. ನಾಳೆ ಬೆಳಿಗ್ಗೆಗೆ ಏನು ಎಂದು ರಾತ್ರಿಯೇ ನೆನೆಹಾಕಬೇಕಿಲ್ಲ. ಆಕೆಯ ಪಾಲಿಗೆ ಇಡೀ ಪ್ರವಾಸದ ದೊಡ್ಡ ಅಚ್ಚರಿ ಕೊಲೋಸಿಯಂ ಆಗಿರಲಿಕ್ಕಿಲ್ಲ, ಇದೇ ಇದ್ದೀತು. ಊಟದ ಸಾಹಸ ಎಂದರೆ ಇದಕ್ಕಿಂತ ದೊಡ್ಡದು ಯಾವುದಿದೆ? ಆದರೆ ಎರಡನೆಯ ದಿನಕ್ಕೇ ಗಂಡನಿಗೆ ಬಾಯಿ ಕೆಟ್ಟಿತು, ಸೂಟ್‌ಕೇಸಿನಿಂದ ಪೊಟ್ಟಣ ಹೊರಬಂತು, ಹೋಟೆಲಿನ ಕೆಟಲ್ ಒಲೆಯಾಯಿತು. ಆಕೆಗೆ ಸಿಕ್ಕಿದ್ದ ರಜೆ ಅಲ್ಲಿಗೆ ಮುಗಿಯಿತು. ಕಥನದಲ್ಲಿ ಇದು ‘ಪರದೇಶದಲ್ಲಿ ಮನೆಯ ರುಚಿ’ ಎಂಬ ಸುಂದರ ಅಧ್ಯಾಯ. ನನಗೆ ಅದು ಇಡೀ ಪುಸ್ತಕದ ಅತ್ಯಂತ ದುಃಖದ ಪುಟ.

ಇನ್ನು ‘ಅಲ್ಲಿಯ ಊಟ ನಮ್ಮ ನಾಲಿಗೆಗೆ ಒಗ್ಗುವುದಿಲ್ಲ’ ಎಂಬ ಗೊಣಗು. ಮೊದಲಿಗೆ, ಈ ‘ನಾವು’ ಯಾರು? ಹೆಚ್ಚಿನ ಕಥನಗಳಲ್ಲಿ ಕನ್ನಡಿಗರ ನಾಲಿಗೆ ಎಂದರೆ ಸಸ್ಯಾಹಾರಿಯ ನಾಲಿಗೆ ಎಂದೇ ಲೆಕ್ಕ. ನಮ್ಮೂರ ಸಂತೆಯಲ್ಲಿ ಒಣಮೀನು ಕೊಳ್ಳುವವರು, ಹಬ್ಬಕ್ಕೆ ಮಟನ್ ಮಾಡುವವರು ಕನ್ನಡಿಗರಲ್ಲವೇ? ಸಮುದ್ರದ ದಂಡೆಯ ದೇಶಗಳಿಗೆ ಹೋಗಿ ಮೀನಿನ ಹೆಸರನ್ನೇ ಎತ್ತದ ಕಥನಕ್ಕೆ ಕನ್ನಡದ ಹೆಸರಲ್ಲಿ ಮಾತಾಡುವ ಹಕ್ಕು ಕೊಟ್ಟವರು ಯಾರು?

ಸಸ್ಯಾಹಾರಿಯೇ ಆಗಿರಲಿ, ಹಸಿದು ಬರುವ ಪ್ರಶ್ನೆ ಎಲ್ಲಿದೆ? ಸಿಸಿಲಿಯ ಪಲೆರ್ಮೊದ ಬೀದಿಗಳಲ್ಲಿ ‘ಪಾನೆಲ್ಲೆ’ ಮಾರುತ್ತಾರೆ. ಕಡಲೆಹಿಟ್ಟು ಕುದಿಸಿ, ಆರಿಸಿ, ಕತ್ತರಿಸಿ, ಎಣ್ಣೆಯಲ್ಲಿ ಕರಿದು ಬ್ರೆಡ್ಡಿನ ನಡುವೆ ಇಟ್ಟು ಕೊಡುವ ತಿಂಡಿ. ಮಿರ್ಚಿ-ಭಜಿ ತಿಂದು ಬೆಳೆದ ಯಾರಿಗಾದರೂ ಅದು ಪರದೇಶದ್ದು ಅನ್ನಿಸಲು ಸಾಧ್ಯವೇ? ಅದೇ ಸಿಸಿಲಿಯ ‘ಕಪೊನಾತಾ’ ಬದನೆಕಾಯಿಯ ಹುಳಿ-ಸಿಹಿ ಪಲ್ಯ. ಬದನೆಕಾಯಿ ನಮ್ಮ ಈ ಕಡೆಯ ಬೆಳೆ. ಅರಬರ ಕೈಯಲ್ಲಿ ಸಾಗಿ ಸಿಸಿಲಿಗೂ ಸ್ಪೇನಿಗೂ ಮುಟ್ಟಿತು. ನಮ್ಮಲ್ಲಿ ಅದು ಎಣ್ಣಿಗಾಯಿ ಆಗಿ ರೊಟ್ಟಿಯ ಪಕ್ಕ ಕೂತಿತು, ಅಲ್ಲಿ ಕಪೊನಾತಾ ಆಯಿತು.

ಆ ಕಡೆಯಿಂದ ಬಂದದ್ದು ಇನ್ನೂ ಹೆಚ್ಚು. ಮೆಣಸಿನಕಾಯಿ ಅಮೆರಿಕ ಖಂಡದ್ದು; ಭಾರತಕ್ಕೆ ತಂದವರು ಪೋರ್ಚುಗೀಸರು. ಅಂದರೆ ಜಗತ್ತಿಗೆಲ್ಲ ಹೆಸರಾದ ಬ್ಯಾಡಗಿ ಮೆಣಸಿನಕಾಯಿ, ಹಾವೇರಿ ಜಿಲ್ಲೆಯ ನಮ್ಮ ಹೆಮ್ಮೆ, 500 ವರ್ಷಗಳ ಹಿಂದೆ ಇಲ್ಲಿ ಯಾರಿಗೂ ಗೊತ್ತಿರದ ಪರದೇಶದ ಕಾಯಿ. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲೂ ಕೆಂಪು ಮೆಣಸಿನಕಾಯಿಯನ್ನು ಸರ ಕಟ್ಟಿ ಒಣಗಿಸುತ್ತಾರೆ. ಆಲೂಗಡ್ಡೆ, ಟೊಮ್ಯಾಟೊ, ಪೇರಲ, ಗೋಡಂಬಿ, ಶೇಂಗಾ, ಗೋವಿನ ಜೋಳ ಎಲ್ಲವೂ ಸಮುದ್ರ ದಾಟಿಯೇ ಬಂದವು. ಶೇಂಗಾ ಚಟ್ನಿ ಇಲ್ಲದ ಉತ್ತರ ಕರ್ನಾಟಕವನ್ನು ಊಹಿಸಿಕೊಳ್ಳಿ! ಅವುಗಳ ಜೊತೆ ಪೋರ್ಚುಗೀಸ್ ಮಾತುಗಳೂ ಬಂದು ಮನೆ ಸೇರಿದವು. ನಾವು ಬಟಾಟೆ ಎನ್ನುತ್ತೇವೆ, ಬಾಗಿಲಿಗೆ ಚಾವಿ ಹಾಕುತ್ತೇವೆ, ಅಂಗಿಗೆ ಇಸ್ತ್ರಿ ಮಾಡುತ್ತೇವೆ, ತಿಂಗಳಿಗೊಮ್ಮೆ ಪಗಾರ ಎಣಿಸುತ್ತೇವೆ, ಪಾವ್ ತಿನ್ನುತ್ತೇವೆ. ನಾಲಿಗೆಯ ಮೇಲೆ ಇಷ್ಟೆಲ್ಲ ಲಿಸ್ಬನ್ ಇಟ್ಟುಕೊಂಡು ಲಿಸ್ಬನ್ನಿಗೆ ಹೋಗಿ ‘ಇಲ್ಲಿ ನಮಗೆ ಒಗ್ಗುವಂಥದ್ದು ಏನೂ ಇಲ್ಲ’ ಎನ್ನುವವರಿಗೆ ಏನು ಹೇಳುವುದು? ತಟ್ಟೆಯನ್ನೇ ಓದಲು ಬಾರದವರು ನಗರ ಓದಿ ಬರೆಯುತ್ತೇನೆ ಎಂದರೆ ನಂಬುವುದು ಹೇಗೆ?

ಇಂಥ ಒಂದು ಪುಸ್ತಕದ ಕೆಲವು ಪುಟಗಳನ್ನು ನಮ್ಮವ್ವನಿಗೆ ಓದಿ ಹೇಳುತ್ತಿದ್ದೆ. ವೆನಿಸ್ಸಿನ ಊಟದ ವರ್ಣನೆ ಕೇಳಿದ ಮೇಲೆ ಅವ್ವ ಕೇಳಿದ್ದು ಒಂದೇ: “ಅಷ್ಟು ಮಂದಿಗೆ ಅಡಗಿ ಮಾಡಾಕ ಎಷ್ಟು ಮಂದಿ ಬೇಕವ್ವಾ? ಭಾಂಡೆ ಯಾರು ತಿಕ್ಕತಾರಂತ?” ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಪಿಎಚ್‌ಡಿಗಾಗಿ ನಾನು ಓದಿದ ಸಿದ್ಧಾಂತಗಳಲ್ಲಿ ಇದಕ್ಕಿಂತ ಹರಿತವಾದ ವಿಮರ್ಶೆ ನನಗೆ ಸಿಕ್ಕಿಲ್ಲ.

ಉತ್ತರ ಹುಡುಕಿದರೆ ಸಿಗುತ್ತದೆ, ದೂರವೂ ಇಲ್ಲ. ರೋಮಿನ ದಕ್ಷಿಣಕ್ಕಿರುವ ಲಾತಿನಾ ಬಯಲಿನಲ್ಲಿ ತರಕಾರಿ, ಹಣ್ಣು ಬೆಳೆಯುವವರಲ್ಲಿ ಸಾವಿರಾರು ಜನ ನಮ್ಮ ದೇಶದ ಪಂಜಾಬಿನವರು. ಉತ್ತರ ಇಟಲಿಯ ಪೋ ನದಿಯ ಬಯಲಿನಲ್ಲಿ, ಜಗತ್ತಿಗೇ ಹೆಸರಾದ ಚೀಸಿಗೆ ಹಾಲು ಕೊಡುವ ದನಗಳ ಕೊಟ್ಟಿಗೆಗಳಲ್ಲಿ ದುಡಿಯುವವರಲ್ಲೂ ಪಂಜಾಬಿಗಳೇ ಬಹಳ. 2024ರ ಜೂನ್‌ನಲ್ಲಿ ಲಾತಿನಾದ ಹೊಲವೊಂದರಲ್ಲಿ, ಕಾಗದಪತ್ರ ಇಲ್ಲದೆ ದುಡಿಯುತ್ತಿದ್ದ ಪಂಜಾಬಿನ ಯುವಕನೊಬ್ಬನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಗೆ ಒಯ್ಯುವ ಬದಲು ಅವನನ್ನು ಅವನ ಮನೆಯ ಹತ್ತಿರ ಬಿಟ್ಟು ಹೋದರು. ತುಂಡಾದ ತೋಳು ಹಣ್ಣಿನ ಪೆಟ್ಟಿಗೆಯಲ್ಲಿತ್ತು. ಎರಡು ದಿನಕ್ಕೆ ಅವನು ತೀರಿಕೊಂಡ. ಇಟಲಿಯಲ್ಲಿ ಕೂಲಿಕಾರರು ಬೀದಿಗಿಳಿದರು, ಪಾರ್ಲಿಮೆಂಟಿನಲ್ಲೂ ಮಾತಾಯಿತು. ಗ್ರೀಸಿನ ಮನೊಲಾದದಲ್ಲಿ 2013ರ ಏಪ್ರಿಲ್‌ನಲ್ಲಿ, ತಿಂಗಳುಗಟ್ಟಲೆ ಬಾಕಿ ಉಳಿದ ಕೂಲಿ ಕೇಳಿದ ಬಾಂಗ್ಲಾದೇಶದ ಸ್ಟ್ರಾಬೆರಿ ಕೂಲಿಕಾರರ ಮೇಲೆ ಮೇಸ್ತ್ರಿಗಳು ಗುಂಡು ಹಾರಿಸಿದರು. 2017ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದನ್ನು ಬಲವಂತದ ದುಡಿಮೆ ಎಂದು ಹೇಳಿ ಗ್ರೀಸ್ ಸರ್ಕಾರವನ್ನೇ ಹೊಣೆ ಮಾಡಿತು.

ನಮ್ಮ ಜೋಡಿ ತಿಂದ ಸಲಾಡು ಆ ಹೊಲದ್ದೇ ಎಂದು ನಾನು ಹೇಳುತ್ತಿಲ್ಲ. ಆದರೆ ದಕ್ಷಿಣ ಯುರೋಪಿನ ಊಟದ ಬಗ್ಗೆ ಬರೆಯುವವರು, ಅದೂ ಭಾರತದಿಂದ ಹೋಗಿ ಬರೆಯುವವರು, ಆ ಊಟದ ಹಿಂದೆ ಭಾರತದ ಕೈಗಳಿವೆ ಎನ್ನುವುದನ್ನು ತಿಳಿಯದೇ ಬರೆದರೆ ಅದು ಸಣ್ಣ ಕೊರತೆಯಲ್ಲ. ರೋಮಿನ ರಸ್ತೆಯ ಮೇಲೆ ಗುಲಾಬಿ ಮಾರಲು ಬಂದ ಬಾಂಗ್ಲಾದೇಶದ ಹುಡುಗನನ್ನು ‘ಕಾಟ’ ಎಂದು ಬರೆದು ಮುಂದೆ ಹೋಗುತ್ತೀರಲ್ಲ, ಇಡೀ ರೋಮಿನಲ್ಲಿ ನಿಮ್ಮೊಂದಿಗೆ ಹಿಂದಿಯಲ್ಲಿ ನಾಲ್ಕು ಮಾತಾಡಬಲ್ಲವನು ಅವನೊಬ್ಬನೇ ಇದ್ದನೋ ಏನೋ. ನಿಮಗೆ ಸಿಕ್ಕ ಮೂರನೆಯವನನ್ನು ನೀವೇ ಓಡಿಸಿದಿರಿ.

ಇನ್ನು ಆ ಊರುಗಳಲ್ಲೇ ಹುಟ್ಟಿ ಬೆಳೆದವರು. ವೆನಿಸ್ಸಿನ ಹಳೆಯ ದ್ವೀಪನಗರದಲ್ಲಿ ವಾಸಿಸುವವರ ಸಂಖ್ಯೆ 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾದವು, ತರಕಾರಿ ಅಂಗಡಿಗಳು ಮುಖವಾಡ ಮಾರುವ ಅಂಗಡಿಗಳಾದವು. 2024ರ ಏಪ್ರಿಲ್ 25ರಿಂದ, ಜನ ಮುತ್ತುವ ದಿನಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಆ ನಗರ 5 ಯೂರೋ ಪ್ರವೇಶ ಶುಲ್ಕ ಹಾಕಿತು. ಅದೇ ವರ್ಷದ ಜುಲೈನಲ್ಲಿ ಬಾರ್ಸಿಲೋನಾದ ಜನ ಮೆರವಣಿಗೆ ಹೊರಟು, ಹೋಟೆಲಿನ ಹೊರಗೆ ಕೂತು ಉಣ್ಣುತ್ತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದರು. ಬಾಡಿಗೆ ಏರಿ ಸ್ವಂತ ಊರಿನಲ್ಲಿ ಇರಲಾಗುತ್ತಿಲ್ಲ ಎನ್ನುವುದು ಅವರ ಸಿಟ್ಟು. 2028ರ ನವೆಂಬರ್ ಹೊತ್ತಿಗೆ ಪ್ರವಾಸಿಗರಿಗೆ ಬಾಡಿಗೆ ಕೊಡುವ ಸುಮಾರು 10,000 ಮನೆಗಳ ಪರವಾನಗಿಯನ್ನು ಮುಗಿಸುವುದಾಗಿ ಅಲ್ಲಿನ ಮೇಯರ್ ಪ್ರಕಟಿಸಿದ್ದಾರೆ. ಇಷ್ಟೆಲ್ಲ ನಡೆಯುತ್ತಿರುವ ಊರಿಗೆ ಹೋಗಿ ಬಂದು ‘ಬಾರ್ಸಿಲೋನಾದ ಜನ ಬಹಳ ಖುಷಿಯವರು’ ಎಂದು ಬರೆಯಲು ಎಷ್ಟು ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳಬೇಕು?

ಕನ್ನಡದ ಓದುಗರಿಗೆ ಇದು ದೂರದ ವಿಷಯವೂ ಅಲ್ಲ. 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ, ಹಳೆಯ ಮಂಟಪಗಳ ಸಾಲಿನಲ್ಲಿ ವಾಸವಾಗಿದ್ದ ಕುಟುಂಬಗಳ ಮನೆ, ಅಂಗಡಿಗಳನ್ನು ಕೆಡವಿದರು. ಸ್ಮಾರಕ ಉಳಿಸಬೇಕು ಎನ್ನುವುದು ಕಾರಣ. ಆ ಕಾರಣ ಸರಿಯೋ ತಪ್ಪೋ ಎಂಬ ವಾದ ಬೇರೆ. ಆದರೆ ಪ್ರವಾಸಿಗೆ ಚೆನ್ನಾಗಿ ಕಾಣಲಿ ಎಂದು ಊರನ್ನು ಖಾಲಿ ಮಾಡುವುದು ಎಂದರೇನು ಎಂದು ನಮಗೆ ಗೊತ್ತು. ಗೊತ್ತಿದ್ದವರೇ ವೆನಿಸ್ಸಿಗೆ ಹೋಗಿ ಅದನ್ನು ಕಾಣುವುದಿಲ್ಲ ಎನ್ನುವುದೇ ಬೇಸರ.

‘ಪ್ರವಾಸ ಕಥನ ಎಂದರೆ ಲಘು ಪ್ರಬಂಧದ ಹಾಗೆ, ಅದಕ್ಕೆ ಇಷ್ಟು ಭಾರ ಹೊರಿಸಬೇಡಿ’ ಎಂದು ಹಿರಿಯರು ಹೇಳುತ್ತಾರೆ. ಒಪ್ಪುವುದಿಲ್ಲ. ಇದು ಕನ್ನಡದಲ್ಲಿ ಎಂದೂ ಹಗುರ ಪ್ರಕಾರವಾಗಿರಲಿಲ್ಲ. ನಮ್ಮ ಪಕ್ಕದ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ‘ಸಮುದ್ರದಾಚೆಯಿಂದ’ ಬರೆದರು. ಕಾರಂತರು ‘ಅಪೂರ್ವ ಪಶ್ಚಿಮ’ ಬರೆದರು. ಗೊರೂರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಲಘುವಾಗಿ ನಗುತ್ತಲೇ ಅದನ್ನು ಸಾಧಿಸಿದರು ಎನ್ನುವುದು ನೆನಪಿರಲಿ. ಹೆಂಗಸರ ಕಣ್ಣು ಬೇಕೆಂದರೆ ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಇದೆ. ಪರದೇಶದವರು ನಮ್ಮನ್ನು ಕಂಡ ಬಗೆಯನ್ನು ಎಚ್. ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳಲ್ಲಿ ಕನ್ನಡಕ್ಕೆ ತಂದುಕೊಟ್ಟಿದ್ದಾರೆ. ಇಷ್ಟು ದೊಡ್ಡ ಮನೆಯಲ್ಲಿ ಕೂತು ‘ನಮಗೆ ಇಷ್ಟೇ ಸಾಕು’ ಎನ್ನುವುದು ವಿನಯವಲ್ಲ, ಸೋಮಾರಿತನ.

ಎರಡನೆಯ ಆಕ್ಷೇಪ ಇನ್ನೂ ನೇರ: ‘ಅವರ ದುಡ್ಡು, ಅವರ ಪ್ರವಾಸ, ನಿನಗೇನು ಹೊಟ್ಟೆಕಿಚ್ಚು?’ ಇರಬಹುದು, ಸ್ವಲ್ಪ ಇದೆ. ಷೆಂಗೆನ್ ವೀಸಾದ ಅರ್ಜಿಗೇ ಈಗ ತಲೆಗೆ 90 ಯೂರೋ. ವೀಸಾ ಕೊಡದಿದ್ದರೂ ಆ ಹಣ ಮರಳಿ ಬರುವುದಿಲ್ಲ. ಈ ಬರಹ ಓದುತ್ತಿರುವ ಹೆಚ್ಚಿನ ವಿದ್ಯಾರ್ಥಿಗಳು ರೋಮನ್ನು ಕನ್ನಡದ ಪುಟಗಳ ಮೇಲೆಯೇ ನೋಡಬೇಕಾದವರು. ನನ್ನ ತಕರಾರು ಇರುವುದೇ ಅಲ್ಲಿ. ಹೋಗಲಾರದವರಿಗಾಗಿ ಹೋದವರು ಬರೆಯುತ್ತಾರೆ. ಅಳತೆ, ಇಸವಿ, ಟಿಕೆಟ್ ದರ ನಮ್ಮ ಮೊಬೈಲಿನಲ್ಲೇ ಸಿಗುತ್ತವೆ. ನಮಗೆ ಸಿಗದಿರುವುದು ಅಲ್ಲಿಯ ಮನುಷ್ಯರು. ಅವರನ್ನೇ ಬಿಟ್ಟು ಬಂದರೆ ನಮಗಾಗಿ ತಂದದ್ದಾದರೂ ಏನು?

ಮೂರನೆಯ ಆಕ್ಷೇಪ: ‘ಪ್ರವಾಸ ಸಂತೋಷಕ್ಕೆ, ಅಲ್ಲಿಯೂ ಕೂಲಿಕಾರರ ಗೋಳು ಯಾಕೆ?’ ಸಂತೋಷವನ್ನು ನಾನು ಬೇಡ ಎನ್ನುವುದಿಲ್ಲ. ಮಾಗಿದ ಟೊಮ್ಯಾಟೊದ ರುಚಿ, ಸಂಜೆಯ ಸಮುದ್ರ, ಅರವತ್ತರ ವಯಸ್ಸಿನಲ್ಲಿ ಕೈ ಕೈ ಹಿಡಿದು ನಡೆಯಲು ಸಿಕ್ಕ ಅಪರಿಚಿತ ಊರಿನ ಬೀದಿ, ಇವೆಲ್ಲ ದೊಡ್ಡ ಸಂಗತಿಗಳು. ಅವನ್ನೂ ನಮ್ಮವರು ಬರೆಯುವುದಿಲ್ಲ! ಗಂಡ-ಹೆಂಡತಿ ಊರಿನಲ್ಲಿ ಹಿಡಿಯದ ಕೈಯನ್ನು ಅಲ್ಲಿ ಹಿಡಿದರೇ, ಜಗಳವಾಡಿದರೇ, ದಾರಿ ತಪ್ಪಿದಾಗ ಯಾರು ಹೆದರಿದರು, ಯಾರು ಧೈರ್ಯ ಹೇಳಿದರು, ಒಂದೂ ತಿಳಿಯುವುದಿಲ್ಲ. ಸಂತೋಷದ ಹೆಸರಲ್ಲಿ ಬರುವ ಈ ಪುಸ್ತಕಗಳಲ್ಲಿ ಸಂತೋಷವೂ ಇಲ್ಲ. ಇರುವುದು ಖರ್ಚಿನ ರಶೀದಿ ಮಾತ್ರ.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ಮೂರು. ಬರೆಯುವವರು ತಾವು ಉಂಡ ಒಂದು ಊಟದ ಹಿಂದಿನ ಒಬ್ಬರನ್ನಾದರೂ ಮಾತಾಡಿಸಿ ಬರಲಿ. ಹೆಸರು ಬೇಡ, ಊರು ಬೇಡ, ಒಂದು ಮಾತು ಸಾಕು. ಇಬ್ಬರು ಹೋಗಿದ್ದರೆ ಇಬ್ಬರೂ ಬರೆಯಲಿ. ಆಕೆಗೆ ಬರೆಯಲು ಹೊತ್ತಿಲ್ಲ ಎಂದರೆ ಆ ಹೊತ್ತಿನಲ್ಲಿ ಆಕೆ ಏನು ಮಾಡುತ್ತಿದ್ದಾಳೆ ಎಂದಾದರೂ ಆತ ಬರೆಯಲಿ. ಮೂರನೆಯದು ನಮ್ಮಂಥವರಿಗೆ. ಸಂಪಾದಕರು, ಪಠ್ಯ ಆಯ್ಕೆ ಮಾಡುವವರು, ಪ್ರತಿವರ್ಷ ಪ್ರವಾಸ ಸಾಹಿತ್ಯಕ್ಕೆ ಬಹುಮಾನ ಕೊಡುವ ಅಕಾಡೆಮಿಯ ತೀರ್ಪುಗಾರರು, ಮುನ್ನುಡಿ ಬರೆಯುವ ಪ್ರಾಧ್ಯಾಪಕರು, ವಿಮರ್ಶೆ ಬರೆಯುವ ಸಂಶೋಧಕರು, ಎಲ್ಲರೂ ಪುಸ್ತಕ ಕೈಗೆತ್ತಿಕೊಂಡಾಗ ‘ಎಷ್ಟು ದೇಶ?’ ಎಂದು ಕೇಳುವುದನ್ನು ಬಿಟ್ಟು ‘ಎಷ್ಟು ಜನ?’ ಎಂದು ಕೇಳಲಿ.

ಪೋಪ್ ಯುಜೀನ್ ಕಾಂಟಿಗೆ ಕೊಟ್ಟ ಪ್ರಾಯಶ್ಚಿತ್ತ ನನಗೆ ಬಹಳ ಇಷ್ಟ. ಅಷ್ಟು ದೂರ ಹೋಗಿ ಬಂದೆಯಲ್ಲ, ಈಗ ಕೂತು ನಿಜ ಹೇಳು. ಹೋಗಿ ಬಂದವರ ಮೇಲೆ ಉಳಿದವರಿಗೆ ಇರುವ ಹಕ್ಕು ಅದೊಂದೇ. ಅದನ್ನು ನಾವು ಬಿಟ್ಟುಕೊಡಬಾರದು.